ಕೆಂಪು ಹಸಿರಿನ ಬೆಸುಗೆ

ಹೆಣದ ಕೊರಳಿಗೆ ಹಾರ ಹಾಕಲು ಕಳಕಪ್ಪ ಬಗ್ಗಿದ್ದಾಗಲೇ ಬೆನ್ನ ಹಿಂದೆ ಆ ಮಾತು ಬಿತ್ತು.

"ಮನಷ್ಯಾ ಬಂಗಾರ. ಆದ್ರ ಬಣ್ಣ ತಿಳೀತಿದ್ದಿಲ್ಲ, ಪಾಪ."

ಹೇಳಿದವರು ನೂಲಿನ ಸಾವುಕಾರ ಪ್ರಭುಲಿಂಗಪ್ಪನವರು. ಕಾಮಾಲೆಯಿಂದ ತೀರಿಕೊಂಡ ಗಜೇಂದ್ರಗಡದ ಈ ನೇಕಾರ ಉಡಚಪ್ಪನಿಗೆ ಮೂರು ವರ್ಷದಿಂದ ಸೀರೆಯ ನೂಲು ಕೊಡದೆ, ಬರೀ ಬಿಳಿ ನೂಲು ಕೊಟ್ಟು ಧೋತರ ನೇಯಿಸಿದ್ದನ್ನು ಅವರು ಮರುಕದಿಂದಲೇ ಹೇಳುತ್ತಿದ್ದರು. ಸರ್ವೆ ಕ್ಯಾಂಪಿನಲ್ಲಿ ಕೆಂಪು ಹಸಿರು ತಿಳಿಯದೆ ನೌಕರಿ ಕಳೆದುಕೊಂಡು ಬಂದವನಿಗೆ ಸೀರೆ ಹೇಗೆ ಒಪ್ಪಿಸುವುದು? ಕೂತವರು ತಲೆಯಾಡಿಸಿದರು. ಕಳಕಪ್ಪನ ಕಿವಿ ಕಾದವು.

* * *

ಮೂರು ವರ್ಷದ ಹಿಂದೆ, ಐವತ್ತಾರರ ಚಳಿಗಾಲದಲ್ಲಿ ಸರ್ವೆಯವರು ನರಗುಂದದ ಹೊರಗೆ ಡೇರೆ ಹೊಡೆದಿದ್ದರು. ನೆಲದಲ್ಲಿ ಮದ್ದು ಸಿಡಿಸಿ, ಅದರ ಅದುರನ್ನು ಯಂತ್ರದಲ್ಲಿ ಗೆರೆಯಾಗಿ ಇಳಿಸಿ, ಬಂಡೆ ಎಷ್ಟು ಆಳದಲ್ಲಿದೆಯೆಂದು ತಿಳಿಯುವ ಕೆಲಸ. ಯಂತ್ರ ಒಂದು ದೇಶದ್ದು, ನೆಲಕ್ಕೆ ಹಾಸುವ ಕೇಬಲ್ಲು ಇನ್ನೊಂದು ದೇಶದ್ದು. ಒಂದರ ಬಾಯಿ ಇನ್ನೊಂದಕ್ಕೆ ಕೂಡುತ್ತಿರಲಿಲ್ಲ. ನಡುವೆ ಬೇಕಾದ ಜೋಡುಕೇಬಲ್ಲುಗಳನ್ನು ಉಡಚಪ್ಪ, ರೋಣದ ಕಳಕಪ್ಪ ಇಬ್ಬರೇ ಕಟ್ಟುತ್ತಿದ್ದರು. ಹನ್ನೆರಡು ಬಣ್ಣದ ಎಳೆ, ಹನ್ನೆರಡು ಪಿನ್ನು. ಉಡಚಪ್ಪನ ಬೆಸುಗೆ ಜೋಳದ ಕಾಳಿನ ಹಾಗೆ ದುಂಡಗೆ ಕೂರುತ್ತಿತ್ತು.

ಒಂದು ಮಧ್ಯಾಹ್ನ ಅವನು ಜ್ವರ ಬಂದು ಮಲಗಿದಾಗ ಕಳಕಪ್ಪ ಒಬ್ಬನೇ ಅವಸರದಲ್ಲಿ ಒಂದು ಕೇಬಲ್ಲು ಮುಗಿಸಿದ. ಅದರ ಮೂಲಕ ಬಂದ ಗೆರೆ ನಂಬಿ ಕೊರೆದ ಕಡೆ ಬಂಡೆ ಸಿಗಲಿಲ್ಲ. ಬಿಚ್ಚಿ ನೋಡಿದರೆ ಕೆಂಪು ಹಸಿರು ಅದಲುಬದಲು. ಯಾರ ಕೈಯದೆಂದು ಕ್ಯಾಂಪಿನ ಸಾಹೇಬರು ಕೇಳಿದಾಗ ಕಳಕಪ್ಪನ ನಾಲಿಗೆ ಏಳಲಿಲ್ಲ. ಉಡಚಪ್ಪ ಆ ಒರಟು ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸಿದ. ಕಳಕಪ್ಪನ ಮುಖ ನೋಡಿದ.

"ನಂದರಿ," ಎಂದ.

ಅಂದು ಸಂಜೆಯೇ ಗಂಟು ಕಟ್ಟಿಕೊಂಡು ಊರಿಗೆ ಹೋದ.

* * *

"ಸಾವಕಾರ್ರ," ಎಂದ ಕಳಕಪ್ಪ. ಹಾರ ಇನ್ನೂ ಕೈಯಲ್ಲೇ ಇತ್ತು. "ಕ್ಯಾಂಪಿನ್ಯಾಗ ತಪ್ಪು ಮಾಡಿದ ಕೈ ನಂದು. ಬಣ್ಣ ಅಂವಗ ನನಗಿಂತ ಚಲೋ ತಿಳೀತಿತ್ತು."

ಪ್ರಭುಲಿಂಗಪ್ಪನವರು ನೆಲ ನೋಡಿದರು. ಗಂಡನ ಕಾಲ ಬಳಿ ಕೂತಿದ್ದ ಶಿವಬಸವ್ವ ಮಾತ್ರ ತಲೆ ಎತ್ತಿದಳು.

"ನನಗ ಗೊತ್ತೈತ್ರಿ. 'ನನಗರ ಮಗ್ಗ ಐತಿ, ಅಂವಗ ಏನೈತಿ' ಅಂದಿದ್ರು ನಮ್ಮ ಮನಿಯವ್ರು. ಬಿಳಿ ನೂಲಿಗೂ ಅಳಲಿಲ್ಲ. ಆದ್ರ ಪ್ರತಿ ಸಂತಿಗೆ ನಿಮ್ಮ ದಾರಿ ನೋಡತಿದ್ರು. ನೀವ ಒಮ್ಮಿನೂ ಬರಲಿಲ್ಲ."

ಕಳಕಪ್ಪ ಕೈಯಲ್ಲಿದ್ದ ಹಾರವನ್ನು ಹೆಣದ ಕೊರಳಿಗೆ ಹಾಕಿದ. ಪ್ರತಿ ಸಂತೆಗೂ ಅವನು ಗಜೇಂದ್ರಗಡಕ್ಕೆ ಬಂದಿದ್ದ. ನೇಕಾರರ ಓಣಿ ತಪ್ಪಿಸಿ ಸುತ್ತು ಹಾಕಿ ಹೋಗಿದ್ದ.

ಹೆಣ ಎತ್ತುವಾಗ ಸಾವುಕಾರರು ತಾವು ಹಿಡಿದಿದ್ದ ಚಟ್ಟದ ಬಿದಿರನ್ನು, ಮುಖ ನೋಡದೆ, ಅವನತ್ತ ಸರಿಸಿದರು. ಕಳಕಪ್ಪ ಎತ್ತರದ ಆಳು. ಅವನು ಹೆಗಲು ಕೊಟ್ಟೊಡನೆ ಚಟ್ಟ ಒಂದು ಕಡೆ ವಾಲಿತು. ಉಡಚಪ್ಪ ಅಲುಗದಿರಲೆಂದು ಅವನು ಸುಡುಗಾಡಿನ ತನಕ ಮಂಡಿ ಬಗ್ಗಿಸಿಕೊಂಡೇ ನಡೆದ.