ಕೊನೆಯ ಗರಿಗಳ ಕಟ್ಟು

ನಾರಾವಿಯ ಅನಂತಮತಿಯಮ್ಮ ವರ್ಷಕ್ಕೊಮ್ಮೆ ಮೂಡುಬಿದಿರೆಗೆ ಹೋಗುತ್ತಿದ್ದದ್ದು ಮಗಳ ಹೆಸರು ಕೇಳುವುದಕ್ಕೆ.

ಜ್ಯೇಷ್ಠ ಮಾಸದ ಶ್ರುತಪಂಚಮಿ ಎಂದರೆ ಜೈನರಿಗೆ ಶಾಸ್ತ್ರಗಳ ಹಬ್ಬ. ಅಂದು ಪೇಟೆಯ ಹಿಂಬದಿಯ ಆ ಸಣ್ಣ ಬಸದಿಯಲ್ಲಿ ತಾಳೆಗರಿಯ ಗ್ರಂಥಗಳನ್ನೆಲ್ಲ ಪೆಟ್ಟಿಗೆಗಳಿಂದ ಹೊರಗೆ ತೆಗೆದು, ಧೂಳು ಒರೆಸಿ, ಎಣ್ಣೆ ಸವರಿ, ಹೊಸ ವಸ್ತ್ರ ಸುತ್ತಿ ಪೂಜೆ ಮಾಡುತ್ತಾರೆ. ಯಾವ ಮನೆಯವರು ಬರೆಸಿ ಕೊಟ್ಟ ಕಟ್ಟೋ ಆ ಮನೆಯವರು ಎದುರು ಕೂರುತ್ತಾರೆ. ಬಸದಿಯ ಪುರೋಹಿತರಾದ ಜಯವರ್ಮ ಇಂದ್ರರು ಕಟ್ಟು ಬಿಚ್ಚಿ, ಕೊನೆಯ ಗರಿಯನ್ನು ಗಟ್ಟಿಯಾಗಿ ಓದುತ್ತಾರೆ. ಸತ್ತವರು ಯಾರು, ಅವರ ನೆನಪಿಗೆ ಬರೆಸಿದವರು ಯಾರು, ಯಾವ ಸಂವತ್ಸರ, ಇದೆಲ್ಲ ಇರುವುದು ಆ ಕೊನೆಯ ಗರಿಯಲ್ಲಿ.

‘ನಾರಾವಿಯ ಅನಂತಮತಿಯು ತನ್ನ ಮಗಳು ರಾಜಮತಿಯ ನೆನಪಿಗಾಗಿ ಬರೆಸಿ ಕೊಟ್ಟ ಶಾಸ್ತ್ರ. ಓದಿದವರಿಗೂ ಕೇಳಿದವರಿಗೂ ಮಂಗಳವಾಗಲಿ.’

ಇಷ್ಟೇ. ಇಷ್ಟು ಕೇಳುವುದಕ್ಕೆ ಅವರು ಹಿಂದಿನ ದಿನವೇ ಬಸ್ಸು ಹತ್ತಿ ಬರುತ್ತಿದ್ದರು. ರಾಜಮತಿ ಮದುವೆಯ ವಯಸ್ಸಿಗೆ ಬರುವ ಮೊದಲೇ ವಿಷಮ ಜ್ವರದಲ್ಲಿ ಹೋದವಳು. ಅವಳದ್ದು ಒಂದು ಪಟ ಇಲ್ಲ. ಹೆಣ್ಣುಮಕ್ಕಳಿಂದ ವಂಶ ಮುಂದುವರಿಯುವ ಅಳಿಯಕಟ್ಟಿನ ಮನೆ ಅದು. ಇದ್ದೊಬ್ಬ ಹೆಣ್ಣು ಹೋದ ಮೇಲೆ ಮನೆಯ ಹೆಸರು ಹೇಳುವುದಕ್ಕೆ ಮುಂದೆ ಯಾರೂ ಇಲ್ಲ. ತಾಳೆಗರಿಯ ಮೇಲೆ ಕಂಠ ಎಂಬ ಕಬ್ಬಿಣದ ಮೊನೆಯಿಂದ ಅಕ್ಷರ ಕೊರೆಯಬಲ್ಲವರು ಆಗಲೇ ಮುಗಿಯುತ್ತ ಬಂದಿದ್ದರು. ಕಣ್ಣು ಮಂಜಾದ ಒಬ್ಬ ಮುದುಕ ಉಳಿದಿದ್ದ. ಅವನ ಕೈಯಿಂದ ನೋಂಪಿಯ, ಎಂದರೆ ವ್ರತದ, ಕಥೆಗಳನ್ನು ಬರೆಸಿದರು. ಹುಡುಗಿಗೆ ಲೆಕ್ಕ ಎಂದರೆ ಪ್ರಾಣ. ಅಡಕೆ ಸುಲಿಯುವವರ ಬಳಿ ಕುಳಿತು ಬಾಯಲ್ಲೇ ಲೆಕ್ಕ ಕಟ್ಟುತ್ತಿದ್ದವಳು. ಆದ್ದರಿಂದ ಕಥೆಗಳ ಹಿಂದೆಯೇ ಒಂದು ಗಣಿತವನ್ನೂ ಬರೆಸಿ ಒಂದೇ ದಾರಕ್ಕೆ ಪೋಣಿಸಿ, ಹಲಸಿನ ಹಲಗೆಯ ನಡುವೆ ಕಟ್ಟಿಸಿದರು. “ಪುಣ್ಯದ ಕಟ್ಟಿನಲ್ಲಿ ಗಣಿತ ಎಂತಕ್ಕೆ?” ಎಂದು ಮುದುಕ ಕೇಳಿದ್ದ. “ಪುಣ್ಯ ನನಗೆ, ಗಣಿತ ಅವಳಿಗೆ” ಎಂದಿದ್ದರು ಅನಂತಮತಿಯಮ್ಮ. ಅದನ್ನು ಬರೆದುಕೊಟ್ಟ ಮಳೆಗಾಲದಲ್ಲೇ ಮುದುಕನೂ ಹೋದ.

ಐವತ್ತೆಂಟನೆಯ ಇಸವಿಯಲ್ಲಿ ಅವರ ತಮ್ಮನ ಮಗ ಭರತರಾಜ ಮದ್ರಾಸಿನಲ್ಲಿ ಲೈಬ್ರರಿಯ ವಿದ್ಯೆ ಕಲಿತು ಊರಿಗೆ ಬಂದ. ಪುಸ್ತಕ ಜೋಡಿಸುವುದಕ್ಕೂ ಒಂದು ಪರೀಕ್ಷೆ ಉಂಟು ಎಂಬುದು ಊರಿನಲ್ಲಿ ತಮಾಷೆಯ ಮಾತಾಯಿತು. ಕೆಲಸ ಮಾತ್ರ ಎಲ್ಲಿಯೂ ಇಲ್ಲ. ಹುಡುಗ ಒಳ್ಳೆಯವನು, ತಿಂದ ಬಟ್ಟಲನ್ನು ತಾನೇ ತೊಳೆದಿಡುವವನು. ದಿನವಿಡೀ ಜಗಲಿಯಲ್ಲಿ ಕುಳಿತಿರುವುದನ್ನು ನೋಡಿ ಅತ್ತೆಗೆ ಸಹಿಸಲಿಲ್ಲ.

“ಬಸದಿಯ ಪೆಟ್ಟಿಗೆಗಳನ್ನು ನೋಡಿದ್ದೀಯಾ?” ಎಂದು ಕೇಳಿದರು.

“ನೋಡಿದ್ದೇನೆ ಅತ್ತೆ. ಅದು ಲೈಬ್ರರಿ ಅಲ್ಲ, ಉಗ್ರಾಣ. ವ್ಯಾಕರಣ ಬೇಕು ಎಂದರೆ ಇಂದ್ರರು ‘ಯಾವ ಮನೆಯದ್ದು?’ ಅಂತ ಕೇಳ್ತಾರೆ. ಮನೆ ಗೊತ್ತಿಲ್ಲದವನಿಗೆ ಪುಸ್ತಕವೂ ಇಲ್ಲ.”

ಆ ಮಾತು ಸುಳ್ಳಾಗಿರಲಿಲ್ಲ. ಪೆಟ್ಟಿಗೆಗಳು ಇದ್ದದ್ದು ಮನೆಗಳ ಲೆಕ್ಕದಲ್ಲಿ. ಯಾರ ಪೆಟ್ಟಿಗೆ ಗರ್ಭಗುಡಿಗೆ ಹತ್ತಿರ, ಯಾರದ್ದು ಬಾಗಿಲಿನ ಬಳಿ ಎಂಬುದರ ಮೇಲೆ ಎರಡು ತಲೆಮಾರಿನ ಮುನಿಸುಗಳಿದ್ದವು. ಬೆಳ್ತಂಗಡಿ ಕಡೆಯ ಒಂದು ಮನೆಯವರು ತಮ್ಮ ಪೆಟ್ಟಿಗೆಯ ಬೀಗದ ಕೈಯನ್ನು ಬಸದಿಗೂ ಕೊಟ್ಟಿರಲಿಲ್ಲ. ಅವರು ಹಬ್ಬಕ್ಕೆ ಬಾರದ ವರ್ಷ ಒಳಗೆ ಹುಳ ಹೊಕ್ಕದ್ದು ಯಾರಿಗೂ ಗೊತ್ತಾಗಲಿಲ್ಲ.

ಅನಂತಮತಿಯಮ್ಮ ಬಸದಿಯ ಆಡಳಿತ ನೋಡುವ ಮೊಕ್ತೇಸರರ ಮನೆಗೆ ಹೋದರು. ಒಂದೊಂದೇ ಮನೆಯ ಮೆಟ್ಟಿಲೂ ಹತ್ತಿದರು. ಕೊಟ್ಟ ಬೆಲ್ಲ ನೀರು ಕುಡಿದು, ಹಳೆಯ ಸಂಬಂಧಗಳನ್ನೆಲ್ಲ ಒಮ್ಮೆ ಮಾತಾಡಿ, ಆಮೇಲೆ ಗ್ರಂಥ ಜೋಡಿಸುವ ಕೆಲಸವನ್ನು ಭರತರಾಜನಿಗೆ ಬಿಡಿ ಎಂಬ ವಿಷಯಕ್ಕೆ ಬರುತ್ತಿದ್ದರು. ಬೆಳ್ತಂಗಡಿಯ ಆ ಮನೆಯ ನೇಮಕ್ಕ ಮಾತ್ರ ಬಗ್ಗಲಿಲ್ಲ.

“ನಮ್ಮ ಅಜ್ಜಿಯ ಕಟ್ಟನ್ನು ಕಂಡವರ ಮಕ್ಕಳು ಬಿಚ್ಚುವುದಾ? ಆಗ್ಲಿಕ್ಕಿಲ್ಲ.”

“ಮೊದಲು ನನ್ನದನ್ನು ಬಿಚ್ಚಲಿ ನೇಮಕ್ಕ. ನೋಡಿ. ನಿಮಗೆ ಸರಿ ಕಂಡರೆ ನಿಮ್ಮದು.”

“ನಿಮ್ಮದನ್ನಾ? ರಾಜಮತಿಯದ್ದನ್ನಾ?”

“ಹೌದು. ಅವಳದ್ದೇ.”

ಇದಕ್ಕಿಂತ ದೊಡ್ಡ ಜಾಮೀನು ಇಲ್ಲ ಎಂದು ಅವರಿಗೂ ಗೊತ್ತಿತ್ತು, ನೇಮಕ್ಕನಿಗೂ ಗೊತ್ತಿತ್ತು. ನೇಮಕ್ಕ ಬೀಗದ ಕೈ ತಂದುಕೊಟ್ಟರು.

ಭರತರಾಜ ಬಸದಿಯ ಜಗಲಿಯಲ್ಲಿ ಚಾಪೆ ಹಾಸಿ ಕುಳಿತ. ಮೊದಲು ಅತ್ತೆಯ ಕಟ್ಟಿನ ದಾರ ಬಿಚ್ಚಿದ. ನೋಂಪಿಯ ಕಥೆಗಳನ್ನು ಒಂದು ಕಡೆ ಇಟ್ಟ. ಗಣಿತವನ್ನು ಇನ್ನೊಂದು ಕಡೆ. ಕೊನೆಯ ಗರಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಅದನ್ನು ಮೂರನೆಯ ಕಡೆ ಇಟ್ಟ.

“ಎಂತ ಮಾಡ್ತಿದ್ದೀಯಾ?” ಎಂದರು ಅನಂತಮತಿಯಮ್ಮ.

“ವಿಂಗಡಣೆ ಅತ್ತೆ. ಪುಸ್ತಕ ಯಾರು ಕೊಟ್ಟದ್ದು ಎಂಬುದು ಮುಖ್ಯ ಅಲ್ಲ, ಅದು ಎಂತದರ ಬಗ್ಗೆ ಎಂಬುದು ಮುಖ್ಯ. ಕಥೆ ಧರ್ಮಕ್ಕೆ ಹೋಯಿತು. ಲೆಕ್ಕ ಗಣಿತಕ್ಕೆ. ಎಲ್ಲ ಮನೆಗಳ ವೈದ್ಯ ಒಂದು ಕಡೆ, ಎಲ್ಲ ಮನೆಗಳ ವ್ಯಾಕರಣ ಒಂದು ಕಡೆ.”

“ಹಾಗಾದರೆ ನಮ್ಮ ಹಟ್ಟಿಯಲ್ಲೂ ಮಾಡು. ಹಾಲು ಕೊಡುವುದು ಒಂದು ಕಡೆ, ಕೊಡದ್ದು ಒಂದು ಕಡೆ. ಕರು ಯಾವ ಹಸುವಿನದ್ದು ಅಂತ ಕೇಳಬಾರದು.”

ಬಾಗಿಲಿನಲ್ಲಿ ನಿಂತು ನೋಡುತ್ತಿದ್ದ ಇಂದ್ರರು ನಕ್ಕರು. ಹುಡುಗನೂ ನಕ್ಕ.

“ಈ ಗರಿ?” ಎಂದು ಕೇಳಿದರು ಅನಂತಮತಿಯಮ್ಮ, ಮೂರನೆಯದನ್ನು ತೋರಿಸಿ.

“ಅದರಲ್ಲಿ ಇರುವುದು ಹೆಸರು, ಊರು, ಸಂವತ್ಸರ. ಅದು ಚರಿತ್ರೆ. ಎಲ್ಲ ಕಟ್ಟಿನ ಕೊನೆಯ ಗರಿಗಳನ್ನೂ ಸೇರಿಸಿ ಚರಿತ್ರೆಯದ್ದೇ ಒಂದು ಕಟ್ಟು ಮಾಡ್ತೇನೆ. ಇಷ್ಟು ಮನೆಗಳ ಇಷ್ಟು ಜನ ಒಟ್ಟಿಗೆ ಎಲ್ಲಿ ಸಿಗ್ತಾರೆ ಹೇಳಿ.”

ಅನಂತಮತಿಯಮ್ಮ ಆ ಗರಿಯನ್ನು ತಿರುಗಿ ಎತ್ತಿಕೊಳ್ಳಲು ಕೈ ಚಾಚಿದರು. ಆದರೆ ಒಂಟಿಯಾಗಿ ಹೋದ ಹುಡುಗಿ ಊರವರ ಅಜ್ಜಿಯರು, ಅತ್ತೆಯರ ಜೊತೆ ಇರುತ್ತಾಳೆ ಎಂಬ ಯೋಚನೆ ಬಂತು. ಅದು ಚೆಂದವೂ ಕಂಡಿತು. “ಜೋಪಾನ ಮಗಾ” ಎಂದಷ್ಟೇ ಹೇಳಿದರು.

ಕೆಲಸ ಮುಗಿದಾಗ ನೋಡುವುದಕ್ಕೆ ಸೊಗಸಾಗಿತ್ತು. ಹಳೆಯ ಹಲಗೆಗಳನ್ನು ತೆಗೆದು ಎಲ್ಲದಕ್ಕೂ ಒಂದೇ ಅಳತೆಯ ಹಲಗೆ, ಒಂದೇ ಬಿಳಿ ಬಟ್ಟೆ, ಮೇಲೆ ನಂಬರು. ಪೆಟ್ಟಿಗೆಗಳ ಜಗಳ ಒಂದೇ ಸಲಕ್ಕೆ ಮುಗಿಯಿತು, ಏಕೆಂದರೆ ಪೆಟ್ಟಿಗೆಗಳೇ ಇರಲಿಲ್ಲ. ಪ್ರತಿ ಕಟ್ಟಿಗೂ ಒಂದು ಕಾರ್ಡು. ಕೊಟ್ಟವರು ಯಾರು ಎಂಬಲ್ಲಿ ಎಲ್ಲ ಕಾರ್ಡುಗಳಲ್ಲೂ ಒಂದೇ ಮಾತು: ‘ಚರಿತ್ರೆ ನೋಡಿ.’

ಮುಂದಿನ ಶ್ರುತಪಂಚಮಿಯಂದು ಇಂದ್ರರು ಚರಿತ್ರೆಯ ಕಟ್ಟನ್ನು ಮುಂದಿಟ್ಟುಕೊಂಡು ಗರಿ ಮಗುಚುತ್ತ ಹೆಸರುಗಳನ್ನು ಒಂದೇ ಸಮನೆ ಓದಿದರು. ಶಾಲೆಯಲ್ಲಿ ಹಾಜರಿ ಕರೆದ ಹಾಗಾಯಿತು. ತಮ್ಮ ಮನೆಯ ಹೆಸರು ಬಂದಾಗ ಜನ ಕೈ ಮುಗಿದರು. ಮುಗಿಸುವುದರೊಳಗೆ ಬೇರೆಯವರದ್ದು ಬಂತು.

“ನಮ್ಮ ಅಜ್ಜಿ ಬಂದರಾ, ಹೋದರಾ?” ಎಂದು ನೇಮಕ್ಕ ಪಿಸುಗುಟ್ಟಿದರು.

“ಬಂದರು. ನೀವು ತಾಂಬೂಲ ಮಡಚುತ್ತಾ ಇದ್ದಿರಿ” ಎಂದರು ಅನಂತಮತಿಯಮ್ಮ. ರಾಜಮತಿಯ ಹೆಸರು ಅವರಿಗೆ ಕೇಳಿತ್ತು. ಅಷ್ಟು ಸಾಕಿತ್ತು.

ಆ ಮಳೆಗಾಲ ಕಳೆದ ಮೇಲೆ ಉತ್ತರದ ಕಡೆಯ ಒಬ್ಬ ಪಂಡಿತರು ಬಂದರು. ಶಾಂತ ಮುಖ, ಮೃದು ಮಾತು, ರಾತ್ರಿ ಊಟ ಇಲ್ಲ. ಭರತರಾಜನ ಕಾರ್ಡುಗಳನ್ನು ನೋಡಿ ಅವನ ಬೆನ್ನು ತಟ್ಟಿದರು. ಚರಿತ್ರೆಯ ಕಟ್ಟನ್ನು ನೋಡಿದ ಮೇಲೆ ಅವರಿಗೆ ಬೇರೆ ಯಾವುದೂ ಬೇಡವಾಯಿತು. ಫೋಟೊ ಹಿಡಿಸಿ ಮೂರು ತಿಂಗಳಲ್ಲಿ ಕಳಿಸುತ್ತೇನೆ ಎಂದರು. ಮೊಕ್ತೇಸರರು ದೊಡ್ಡವರ ಮಾತಿಗೆ ಇಲ್ಲ ಎನ್ನಲಾರದೆ ಒಪ್ಪಿದರು. ಮೊದಲಾಗಿದ್ದರೆ ಈ ಹೆಸರುಗಳನ್ನು ಒಯ್ಯಬೇಕಾದವನು ಎತ್ತಿನ ಗಾಡಿ ತಂದು ಇಡೀ ಬಸದಿಯ ಗ್ರಂಥಗಳನ್ನೇ ಹೇರಬೇಕಿತ್ತು. ಈಗ ಒಂದು ಕೈಚೀಲ ಸಾಕಾಯಿತು. ಭರತರಾಜ ತಾನೇ ಬಟ್ಟೆ ಸುತ್ತಿ, ಬಸ್ಸಿನವರೆಗೆ ಹೊತ್ತು, ಪಂಡಿತರ ಮಡಿಲಲ್ಲಿ ಇಟ್ಟು ಬಂದ.

ಎರಡು ತಿಂಗಳಿನಲ್ಲಿ ಪಂಡಿತರ ಶಿಫಾರಸಿನಿಂದ ಅವನಿಗೆ ಮೈಸೂರಿನಲ್ಲಿ ಕೆಲಸವಾಯಿತು. ಅನಂತಮತಿಯಮ್ಮ ಊರಿಗೆಲ್ಲ ಪಾಯಸ ಮಾಡಿ ಬಡಿಸಿದರು. ಕಟ್ಟು ಹೋದ ವಿಷಯ ಅವರಿಗೆ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಮರುವರ್ಷದ ಶ್ರುತಪಂಚಮಿಯಂದು. ಎಂದಿನಂತೆ ಅವರು ಮಗಳ ಕಟ್ಟಿನ ಅಳತೆಗೆ ಹೊಲಿಸಿದ ಹಳದಿ ವಸ್ತ್ರ ತಂದಿದ್ದರು. ಬಿಳಿ ಬಟ್ಟೆ ಬಂದ ಮೇಲೆ ಅದರ ಅಗತ್ಯ ಇರಲಿಲ್ಲ, ಆದರೂ ತಂದಿದ್ದರು. ಇಂದ್ರರು ತಲೆ ತಗ್ಗಿಸಿ ಕುಳಿತಿದ್ದರು. ಜನ ಬಾಗಿಲಿನವರೆಗೂ ತುಂಬಿದ್ದರು.

“ಪಂಡಿತರು ಕಟ್ಟು ಕಳಿಸಲಿಲ್ಲ” ಎಂದರು ಇಂದ್ರರು. “ಮೊಕ್ತೇಸರರು ಕಾಗದ ಬರೆದು ಕೇಳಿದರು. ಪಂಡಿತರೇ ತೀರಿಕೊಂಡಿದ್ದಾರಂತೆ. ಅವರ ಸಾಮಾನಿನಲ್ಲಿ ಅಂಥದ್ದೇನೂ ಸಿಗಲಿಲ್ಲವಂತೆ.”

ಯಾರೂ ಬೊಬ್ಬೆ ಹಾಕಲಿಲ್ಲ. ನೇಮಕ್ಕ ಎದ್ದು ಬಂದು ಅನಂತಮತಿಯಮ್ಮನ ಎದುರು ನಿಂತರು.

“ನಿಮ್ಮ ಅಳಿಯನಿಗೆ ಮೈಸೂರಿನಲ್ಲಿ ಸೌಖ್ಯವಾ?”

“ಸೌಖ್ಯ.”

“ಒಳ್ಳೇದಾಯ್ತು. ನಮ್ಮ ಅಜ್ಜಿಯ ಪುಣ್ಯ ಯಾರಿಗಾದರೂ ಆಯ್ತಲ್ಲ.”

ಹೋಗುವಾಗ ನೇಮಕ್ಕ ತಂದಿದ್ದ ಎಣ್ಣೆಯ ಕುಪ್ಪಿಯನ್ನು ತಿರುಗಿ ಚೀಲಕ್ಕೆ ಹಾಕಿಕೊಂಡರು. ಅದನ್ನು ನೋಡಿ ಉಳಿದವರೂ ತಮ್ಮ ತಮ್ಮದನ್ನು ಎತ್ತಿಕೊಂಡರು. ಯಾರದ್ದೋ ಗಣಿತಕ್ಕೆ, ಯಾರದ್ದೋ ವೈದ್ಯಕ್ಕೆ ಯಾರು ಎಣ್ಣೆ ಸವರುತ್ತಾರೆ?

ಅಂಗಳ ಖಾಲಿಯಾದ ಮೇಲೆ ಅನಂತಮತಿಯಮ್ಮ ಕೇಳಿದರು: “ನನ್ನ ನೋಂಪಿಯ ಕಥೆ ಯಾವುದು ಇಂದ್ರರೇ?”

ಇಂದ್ರರು ಧರ್ಮದ ಸಾಲಿನಿಂದ ಕಟ್ಟುಗಳನ್ನು ತಂದು ಸಾಲಾಗಿ ಇಟ್ಟರು. ಎಲ್ಲವೂ ನೋಂಪಿಯ ಕಥೆ. ಊರವರೆಲ್ಲ ಬರೆಸುತ್ತಿದ್ದದ್ದು ಅದನ್ನೇ. ಹೆಚ್ಚಿನವು ಅದೇ ಮುದುಕನ ಅಕ್ಷರ. ಹಲಸಿನ ಹಲಗೆ ಇದ್ದಿದ್ದರೆ ಅನಂತಮತಿಯಮ್ಮ ಕಣ್ಣು ಮುಚ್ಚಿ ಹೇಳುತ್ತಿದ್ದರು. ಒಂದೊಂದರ ಮೇಲೂ ಕೈ ಇಟ್ಟು ನೋಡಿದರು. ಗಣಿತದ ಸಾಲಿನಲ್ಲೂ ಗುರುತು ಸಿಗಲಿಲ್ಲ. ಬಿಳಿ ಬಟ್ಟೆ ಎಲ್ಲ ಕಡೆಯೂ ಒಂದೇ ಹಾಗೆ ಇತ್ತು.

“ಯಾವುದಾದರೂ ಒಂದಕ್ಕೆ ಹೂ ಹಾಕಿ ಅಕ್ಕ. ಎಲ್ಲ ಶಾಸ್ತ್ರವೂ ಒಂದೇ.”

“ಎಲ್ಲ ಮಕ್ಕಳೂ ಒಂದೇ ಅಂತ ನಿಮ್ಮ ಮಗುವನ್ನು ಬದಲು ಮಾಡ್ತೀರಾ?”

ಇಂದ್ರರು ಕಟ್ಟುಗಳನ್ನು ಬದಿಗೆ ಸರಿಸಿದರು. ಅವರು ಕೆಟ್ಟವರಲ್ಲ. “ನನಗೆ ಬಾಯಿಪಾಠ ಉಂಟು, ಹೇಳ್ತೇನೆ. ಕೇಳಿ” ಎಂದು ಕೈ ಮುಗಿದು ಕಣ್ಣು ಮುಚ್ಚಿದರು. “ನಾರಾವಿಯ ಅನಂತಮತಿಯು ತನ್ನ ಸೊಸೆ...”

ಅಲ್ಲಿಗೆ ನಿಂತಿತು. ಇಷ್ಟು ವರ್ಷ ಕಣ್ಣಿನಿಂದ ಓದಿದ್ದು. ನಾಲಿಗೆಗೆ ಅಭ್ಯಾಸ ಇರಲಿಲ್ಲ. ಹಿಂದಿನ ವರ್ಷ ಒಂದೇ ಉಸಿರಿನಲ್ಲಿ ಓದಿದ ಹೆಸರುಗಳೆಲ್ಲ ಒಂದರೊಳಗೆ ಒಂದು ಹೊಕ್ಕಿದ್ದವು.

“ಮಗಳು” ಎಂದರು ಅನಂತಮತಿಯಮ್ಮ. ಆಮೇಲೆ ಹೆಸರನ್ನು ತಾವು ಹೇಳಿಕೊಡಲಿಲ್ಲ. ಇನ್ನೊಬ್ಬರ ಬಾಯಲ್ಲಿ ಕೇಳುವುದಕ್ಕೆಂದು ಅವರು ಅಷ್ಟು ದೂರ ಬರುತ್ತಿದ್ದದ್ದು. ತಾವೇ ಹೇಳಿಕೊಳ್ಳುವುದಾದರೆ ನಾರಾವಿಯ ಅಡುಗೆಮನೆ ಸಾಕಿತ್ತು. ಹಳದಿ ವಸ್ತ್ರವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ ಎದ್ದರು.

ಆಮೇಲೆ ಅವರು ಶ್ರುತಪಂಚಮಿಗೆ ಹೋಗಲಿಲ್ಲ. ಬೇರೆ ಮನೆಯವರೂ ಒಬ್ಬೊಬ್ಬರಾಗಿ ನಿಲ್ಲಿಸಿದರು. ಗ್ರಂಥಗಳು ನಂಬರಿನ ಪ್ರಕಾರ ಕ್ರಮವಾಗಿ ಇದ್ದವು. ಹುಳವೂ ಆ ಕ್ರಮದಲ್ಲೇ ತಿನ್ನುತ್ತ ಹೋಯಿತು.

ಅರವತ್ತೆರಡರ ದೀಪಾವಳಿಗೆ ಭರತರಾಜ ಹೆಂಡತಿಯನ್ನು ಕರೆದುಕೊಂಡು ನಾರಾವಿಗೆ ಬಂದ. ಅತ್ತೆಗೆ ಒಂದು ಸೀರೆ, ತನ್ನ ಕೆಲಸವನ್ನು ಹೊಗಳಿ ಯಾವುದೋ ಪತ್ರಿಕೆಯಲ್ಲಿ ಬಂದ ಎರಡು ಪುಟ. ಕೊನೆಯ ಗರಿಗಳನ್ನು ಬೇರೆ ಮಾಡಿ ಕಟ್ಟಿದ ಉಪಾಯವನ್ನು ಅದರಲ್ಲಿ ವಿಶೇಷವಾಗಿ ಮೆಚ್ಚಿದ್ದರು. ಅವನು ಅದನ್ನು ಓದಿ ಹೇಳಿದ. ಓದುವಾಗ ಎರಡು ಕಡೆ ಧ್ವನಿ ಸಣ್ಣದಾಯಿತು.

“ಅತ್ತೆ, ಆ ಕಟ್ಟು... ನಾನು ರಶೀದಿ ತೆಗೆದುಕೊಂಡಿದ್ದೆ” ಎಂದ.

“ಗೊತ್ತುಂಟು. ಊಟಕ್ಕೆ ಏಳು.”

ಬಾಳೆಲೆ ಹಾಕಿದರು. ಅಟ್ಟದಿಂದ ಹಲಸಿನ ಹಪ್ಪಳದ ಗಂಟು ಇಳಿಸಿ ಅವನ ಎದುರೇ ಬಿಚ್ಚಿ, ನಾಲ್ಕನ್ನು ತೆಗೆದು ಎಣ್ಣೆಗೆ ಬಿಟ್ಟರು. ಗಂಟಿನ ಬಟ್ಟೆ ಹಳದಿಯದ್ದು, ಅಂಚಿಗೆ ಒಳ್ಳೆಯ ಹೊಲಿಗೆ. ಮಳೆಗಾಲದ ಹೊಗೆಗೆ ಅಲ್ಲಲ್ಲಿ ಕಪ್ಪಾಗಿತ್ತು. ಬಸದಿಯಲ್ಲಿ ಅಂಥದ್ದನ್ನು ಎಷ್ಟೋ ವರ್ಷ ನೋಡಿದ್ದ ಭರತರಾಜ ಉಣ್ಣುವುದನ್ನು ನಿಲ್ಲಿಸಿದ.

“ಇದು ಶಾಸ್ತ್ರದ ವಸ್ತ್ರ ಅಲ್ವಾ ಅತ್ತೆ?”

“ಆಗ ಶಾಸ್ತ್ರದ್ದು. ಈಗ ಹಪ್ಪಳದ್ದು.” ಅವನ ಎಲೆಗೆ ಬಿಸಿ ಹಪ್ಪಳ ಹಾಕಿದರು. “ಯಾರು ಹೊಲಿಸಿದ್ದು ಎಂಬುದು ಮುಖ್ಯ ಅಲ್ಲ ಅಂತ ನೀನೇ ಹೇಳಿದ್ದೆಯಲ್ಲ ಮಗಾ. ತಿನ್ನು, ತಣಿದರೆ ಮೆತ್ತಗಾಗ್ತದೆ.”

ಅವನು ತಿಂದ. ಅವರು ಎದುರು ಕುಳಿತು, ಬಡಿಸಿದ್ದೆಲ್ಲವನ್ನೂ ಅವನು ತಿಂದು ಮುಗಿಸುವವರೆಗೂ ಏಳಲಿಲ್ಲ.