ಪಾಳೆಯ ಬಿಟ್ಟು ನಡೆದ ಈಬನ್

ಮಿರ್ದಿಫ್ ಬಡಾವಣೆಯ ಆ ವಿಲ್ಲಾದಲ್ಲಿ ಅಮೆರಿಕದ ಮೇಡಮ್ ಒಂದು ಕಡೆ ಕೂರುತ್ತಿರಲಿಲ್ಲ. ೧೯೯೮ರ ಜುಲೈ ನಾಲ್ಕಕ್ಕೆ, ಅಮೆರಿಕದ ಸ್ವಾತಂತ್ರ್ಯ ದಿನದಂದು, ದುಬೈಯ ಅಮೆರಿಕನ್ ಹೆಂಗಸರೆದುರು ತಮ್ಮ ವಂಶದ ಹಿರಿಯ ಈಬನ್ ಬಗ್ಗೆ ಮಾತಾಡಬೇಕಿತ್ತು. ಇನ್ನೂರು ವರ್ಷಗಳ ಹಿಂದೆ ಆ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಮೇಲೆ ಬಂದೂಕು ಎತ್ತಿದವನು ಅವನು. ಎಂಬತ್ತು ದಾಟಿದ ಮೇಡಮ್ ಕೋಲೂರುತ್ತ, ಅವನ ಶೌರ್ಯವನ್ನು ಬಾಯಿಪಾಠ ಮಾಡುತ್ತ ಹಾಲಿನ ತುಂಬ ಓಡಾಡುತ್ತಿದ್ದರೆ, ಎಲ್ಲಿ ಬಿದ್ದುಬಿಡುತ್ತಾರೋ ಎಂದು ರೊಸಲಿನ್ ಹಿಂದೆ ಹಿಂದೆಯೇ ಹೋಗುತ್ತಿದ್ದಳು.

ರೊಸಲಿನ್ ಅವರನ್ನು ನೋಡಿಕೊಳ್ಳುವ ನರ್ಸ್, ಮೂಡಬಿದ್ರೆಯವಳು. ಅವಳ ಜೀವಕ್ಕೂ ನೆಮ್ಮದಿ ಇರಲಿಲ್ಲ. ಊರಿನಲ್ಲಿ ಏಳು ತಿಂಗಳ ಬಸುರಿ ಮಗಳು ಶಾರನ್‌ಗೆ ರಕ್ತಸ್ರಾವವಾಗಿ ಆಸ್ಪತ್ರೆಗೆ ಸೇರಿಸಿದ್ದರು. ರಜೆ ಕೇಳಿದ್ದಕ್ಕೆ ಮೇಡಮ್‌ರ ಮಗ ಗ್ರಾಂಟ್, "ಆಗಸ್ಟ್‌ವರೆಗೆ ಆಗುವುದಿಲ್ಲ" ಎಂದಿದ್ದ. ಅವಳ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿತ್ತು.

ಒಂದು ಮಧ್ಯಾಹ್ನ ಅಮೆರಿಕದಿಂದ, ವಂಶದ ಹಳೆಯ ಕಾಗದಗಳನ್ನು ಹುಡುಕುತ್ತಿದ್ದ ಮೇಡಮ್‌ರ ಚಿಕ್ಕಪ್ಪನ ಮಗಳ ಫೋನ್ ಬಂತು. ರಿಸೀವರ್ ಇಟ್ಟವರೇ ಮೇಡಮ್ ರೊಸಲಿನ್ ಕಡೆ ತಿರುಗಿದರು.

"ಓಡಿಹೋಗಿದ್ದನಂತೆ ನಮ್ಮ ಈಬನ್! ಹೆಂಡತಿಗೆ ಹೆರಿಗೆ ಕಷ್ಟವಾಗಿದೆ ಅಂತ ಸುದ್ದಿ ಬಂತಂತೆ. ಕ್ಯಾಪ್ಟನ್ ಬೇಡ ಅಂದರೂ ಪಾಳೆಯ ಬಿಟ್ಟು ಹಿಮದಲ್ಲಿ ನಡೆದೇ ಹೋದನಂತೆ."

"ತಲುಪಿದನಾ?"

"ತಲುಪಿದ. ತಾಯಿ, ಮಗು ಇಬ್ಬರೂ ಉಳಿದರು. ವಾಪಸ್ ಬಂದು ಛಡಿಯೇಟು ತಿಂದು, ಮತ್ತೆ ಯುದ್ಧಕ್ಕೆ ನಿಂತ. ಇದನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ?"

ರೊಸಲಿನ್‌ಗೆ ತಡೆಯಲಾಗಲಿಲ್ಲ. "ನನ್ನನ್ನೂ ಕಳಿಸಿಕೊಡಿ ಮೇಡಮ್" ಎಂದು ಅಳುತ್ತ ಶಾರನ್ ವಿಷಯವನ್ನೆಲ್ಲ ಹೇಳಿದಳು.

"ಇಷ್ಟು ದಿನ ಯಾಕೆ ಸುಮ್ಮನಿದ್ದೆ?"

"ಸಾರ್ ಹೇಳಬೇಡ ಅಂದಿದ್ದರು. ನಿಮಗೆ ಬಿಪಿ ಏರುತ್ತದಂತೆ."

ಸಂಜೆ ಗ್ರಾಂಟ್ ಒಳಗೆ ಕಾಲಿಟ್ಟಿದ್ದೇ ತಡ, ಮೇಡಮ್ ಕೈಚಾಚಿದರು. "ಇವಳ ಪಾಸ್‌ಪೋರ್ಟ್ ಕೊಡು."

"ನಿನ್ನನ್ನು ಯಾರಮ್ಮಾ ನೋಡಿಕೊಳ್ಳುವುದು?"

"ಬಿದ್ದರೆ ಬೀಳುತ್ತೇನೆ. ಕೊಡು!"

ಮುಂಬೈವರೆಗೆ ವಿಮಾನ, ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ರೊಸಲಿನ್ ಕಣ್ಣು ಮುಚ್ಚಲಿಲ್ಲ. ಅವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೆರಿಗೆಯಾಗಿತ್ತು. ಅಂಗೈಯಗಲದ ಹೆಣ್ಣುಮಗು ಗಾಜಿನ ಪೆಟ್ಟಿಗೆಯಲ್ಲಿತ್ತು. ಶಾರನ್ "ಮಮ್ಮೀ" ಎಂದು ಕೈ ಹಿಡಿದವಳು ಬಿಡಲೇ ಇಲ್ಲ.

ಜುಲೈ ಐದಕ್ಕೆ ವಾರ್ಡಿಗೆ ಮೇಡಮ್‌ರ ಫೋನ್ ಬಂತು.

"ನಿನ್ನೆ ಎಲ್ಲ ಹೇಳಿಬಿಟ್ಟೆ ರೊಸಲಿನ್. ಈಬನ್ ಓಡಿಹೋದದ್ದು, ಏಟು ತಿಂದದ್ದು, ಎಲ್ಲವನ್ನೂ. ಇಬ್ಬರು ಎದ್ದುಹೋದರು, ಹೋಗಲಿ. ಮಗು ಹೇಗಿದೆ?"

"ಇವತ್ತು ನಾಲ್ಕು ಹನಿ ಹಾಲು ಕುಡಿಯಿತು ಮೇಡಮ್."

ಆಗಸ್ಟ್ ಕೊನೆಗೆ ಮಗು ಮನೆಗೆ ಬಂತು. ಅಷ್ಟರಲ್ಲಿ ಗ್ರಾಂಟ್ ರೊಸಲಿನ್ ಜಾಗಕ್ಕೆ ಬೇರೆ ನರ್ಸನ್ನು ಇಟ್ಟುಕೊಂಡಿದ್ದ. ಅವಳು ಹಿಂದೆ ಹಿಂದೆ ಓಡಾಡಲಾರದಷ್ಟು ನಿಧಾನದವಳಂತೆ, ಮೇಡಮ್‌ಗೆ ಹಿಡಿಸಿರಲಿಲ್ಲ.