ಅತ್ತಿಗೆಯ ಮೂಗು

"ಮೇಲ್ಮೇಲೆ ಅಲ್ಲ, ಚೆನ್ನಾಗಿ ಬಗ್ಗಿ ಮೂಸು," ಎಂದಳು ಅತ್ತಿಗೆ, ನಿನ್ನೆ ಸಂಜೆ ಬೇಯಿಸಿ ಫ್ರಿಜ್ಜಿನಲ್ಲಿಟ್ಟಿದ್ದ ಕಾಳಿನ ಪಾತ್ರೆಯ ಮುಚ್ಚಳ ಎತ್ತಿ ಹಿಡಿದು.

ನಾದಿನಿ ಬಗ್ಗಿ ಮೂಸಿದಳು. "ಚೆನ್ನಾಗಿದೆ ಅತ್ತಿಗೆ."

ಆ ಶಾಲೆಯ ಕ್ಯಾಂಟೀನಿನಲ್ಲಿ ಅತ್ತಿಗೆ ಮುಖ್ಯ ಅಡುಗೆಯವಳು, ಅವಳ ಗಂಡನ ತಂಗಿ ಸಹಾಯಕಿ. ಅತ್ತಿಗೆಯ ಮೂಗೆಂದರೆ ಅಲ್ಲಿ ಕೋರ್ಟಿನ ತೀರ್ಪು. ಹಾಲಿನವನು ಕ್ಯಾನು ತೆಗೆಯುವಾಗಲೇ ಅವಳ ಮುಖ ನೋಡಿ ಬೆವರುತ್ತಿದ್ದ. ಆದರೆ ಹೋದ ತಿಂಗಳು ಬಂದ ಜ್ವರ, ಹೋಗುವಾಗ ವಾಸನೆಯನ್ನೂ ಜೊತೆಗೇ ಕರೆದುಕೊಂಡು ಹೋಗಿತ್ತು. ಈಗ ಅವಳಿಗೆ ಸೋಪೂ ಒಂದೇ, ಬೆಳ್ಳುಳ್ಳಿಯೂ ಒಂದೇ. ವಾಸನೆ ತಿಳಿಯದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಆ ದೊಡ್ಡ ಒಲೆ ಬಿಟ್ಟು ಬದುಕುವುದನ್ನು ನೆನೆಸಿಕೊಳ್ಳುವುದೂ ಅವಳಿಗೆ ಆಗುತ್ತಿರಲಿಲ್ಲ. ಹಾಗಾಗಿ ಯಾರಿಗೂ ಬಾಯಿ ಬಿಡದೆ, ಕೆಲಸ ಕಲಿಸುವ ನೆಪದಲ್ಲಿ ಎಲ್ಲವನ್ನೂ ನಾದಿನಿಯಿಂದ ಮೂಸಿಸುತ್ತಿದ್ದಳು. ನಾದಿನಿಗೋ, ಪಾತ್ರೆ ತೊಳೆಯುತ್ತಿದ್ದವಳಿಗೆ ಇಷ್ಟು ಬೇಗ ಬಡ್ತಿ ಸಿಕ್ಕಿತಲ್ಲ ಎಂದು ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇವತ್ತು ಮಾತ್ರ ಅತ್ತಿಗೆಗೆ ಒಳಗೊಳಗೇ ಅಳುಕು. ರಾತ್ರಿ ಕರೆಂಟು ಹೋಗಿ ಫ್ರಿಜ್ಜು ನಿಂತಿತ್ತು ಎಂದು ಕಾವಲುಗಾರ ಹೇಳಿದ್ದ. ಎಷ್ಟು ಹೊತ್ತು ಎಂದರೆ ಅವನಿಗೇ ಗೊತ್ತಿಲ್ಲ. ಅವನು ಕಾಯುವುದು ತನ್ನ ನಿದ್ದೆಯನ್ನು ಮಾತ್ರ.

"ಇನ್ನೊಂದ್ಸಲ ನೋಡೆ."

"ಅಯ್ಯೋ, ಚೆನ್ನಾಗಿದೆ ಅಂದ್ನಲ್ಲ!" ದನಿ ಮುಚ್ಚಿದ ಡಬ್ಬಿಯೊಳಗಿಂದ ಬಂದ ಹಾಗಿತ್ತು. ಅತ್ತಿಗೆ ತಲೆಯೆತ್ತಿ ನೋಡಿದಳು. ನಾದಿನಿಯ ಮೂಗಿನ ತುದಿ ಕೆಂಪಗಾಗಿತ್ತು.

"ನಿಂಗೆ ನೆಗಡಿನಾ?"

"ಒಂಚೂರು... ಹೇಳಿದ್ರೆ ಮನೆಗೆ ಕಳಿಸ್ತೀರಿ, ಪಾಠ ತಪ್ಪಿಹೋಗುತ್ತೆ ಅಂತ ಸುಮ್ನಿದ್ದೆ."

ಕುರುಡನ ಕೈಯನ್ನು ಕುರುಡ ಹಿಡಿದ ಹಾಗಾಗಿತ್ತು. ಅತ್ತಿಗೆ ಪಾತ್ರೆಯನ್ನು ಎತ್ತಿ, ಅಷ್ಟೂ ಕಾಳನ್ನು ಕಸದ ಡ್ರಮ್ಮಿಗೆ ಸುರಿದಳು.

"ಅತ್ತಿಗೆ! ಮಕ್ಕಳ ಊಟ ಅದು! ನೀವೇ ಒಂದ್ಸಲ ಮೂಸಿ ನೋಡ್ಬಾರ್ದಿತ್ತಾ?"

"ಏನು ಮೂಸ್ಲಿ? ನಂಗೆ ವಾಸನೆನೇ ಬರಲ್ಲ ಕಣೆ. ಜ್ವರ ಬಂದಾಗಿಂದ."

"ಮತ್ತೆ ನನ್ನ ಪಾಠ?"

"ಪಾಠನೂ ಇಲ್ಲ, ಮಣ್ಣೂ ಇಲ್ಲ."

ಇಬ್ಬರಿಗೂ ನಗು ಬಂತು. ಅಷ್ಟರಲ್ಲಿ ಹೊರಗೆ ಕ್ಯಾಂಟೀನಿನ ಮೇಲ್ವಿಚಾರಕಿಯ ಚಪ್ಪಲಿ ಸದ್ದು ಕೇಳಿಸಿತು.

"ಕಾಳು ತಳ ಹಿಡೀತು, ನಾನೇ ಮರ್ತಿದ್ದೆ ಅಂದ್ಬಿಡ್ತೀನಿ," ಎಂದು ನಾದಿನಿ ಪಿಸುಗುಟ್ಟಿದಳು. "ಬೈಸ್ಕೊಳ್ಳೋದು ನಂಗೇನು ಹೊಸದಾ? ನೀವು ತುಟಿ ಬಿಚ್ಬೇಡಿ."

ಇಂಥ ಹುಡುಗಿಯನ್ನು ತಿಂಗಳಿಡೀ ಆಟ ಆಡಿಸಿದೆನಲ್ಲ ಎಂದು ಅತ್ತಿಗೆಗೆ ನಾಚಿಕೆಯಾಯಿತು. ಮೇಲ್ವಿಚಾರಕಿ ಖಾಲಿ ಪಾತ್ರೆ ನೋಡುತ್ತಿದ್ದಂತೆ, ಅವಳು ಕೇಳುವ ಮೊದಲೇ ಅತ್ತಿಗೆ ಜ್ವರದಿಂದ ಹಿಡಿದು ಡ್ರಮ್ಮಿನವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಕೊನೆಗೆ, "ಬೇರೆಯವರನ್ನ ನೋಡ್ಕೊಳ್ಳಿ ಮೇಡಂ," ಎಂದಳು.

ಮೇಲ್ವಿಚಾರಕಿ ಡ್ರಮ್ಮಿನೊಳಗೆ ಇಣುಕಿದಳು. "ನೀವೇ ಚೆಲ್ಲಿದ್ದಾ?"

"ನಾನೇ."

"ಕೆಟ್ಟಿತ್ತಾ?"

"ಗೊತ್ತಿಲ್ಲ ಮೇಡಂ. ಗೊತ್ತಿಲ್ಲ ಅಂತಾನೇ ಚೆಲ್ಲಿದ್ದು."

ಮೇಲ್ವಿಚಾರಕಿ ನಾದಿನಿಯ ಕಡೆ ತಿರುಗಿದಳು. "ನೀನು ಮನೆಗೆ ನಡಿ. ನೆಗಡಿ ಹೋಗೋವರೆಗೂ ಈ ಕಡೆ ತಲೆ ಹಾಕ್ಬೇಡ." ಆಮೇಲೆ ಗೂಟದಲ್ಲಿದ್ದ ಏಪ್ರನ್ ತೆಗೆದು ತಾನೇ ಸೊಂಟಕ್ಕೆ ಬಿಗಿದುಕೊಂಡಳು. "ಬೇಳೆ ಆದ್ರೆ ಬೇಗ ಬೇಯುತ್ತೆ, ಅಲ್ವಾ? ಇಡಿ. ಏನೇನು ಮೂಸ್ಬೇಕೋ ಹೇಳಿ, ನಾನಿದ್ದೀನಿ."

ಅತ್ತಿಗೆ ನಲ್ಲಿಯ ಕೆಳಗೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡಳು. ಕಣ್ಣು ತುಂಬಿ ಹರಿಯಿತು. ತೊಳೆದ ಕೈಯಿಂದ ಮುಖ ಮುಟ್ಟುವಂತಿಲ್ಲ. ಎರಡೂ ಕೈ ಎತ್ತಿ ಹಿಡಿದುಕೊಂಡು, ಕೆನ್ನೆಯನ್ನು ಒಮ್ಮೆ ಈ ಭುಜಕ್ಕೆ, ಒಮ್ಮೆ ಆ ಭುಜಕ್ಕೆ ಒರೆಸಿಕೊಳ್ಳುತ್ತಾ ಅವಳು ಒಲೆಯ ಹತ್ತಿರ ಹೋದಳು.